ಚಾರ್ಟಿನಲ್ಲಿ ಬರೆದ ಸುಳ್ಳು

ಅಪ್ಪಾಜಿ,

ಇವತ್ತು ನನ್ನ ನರ್ಸ್ ಕೆಲಸ ಹೋಯಿತು. ಹೋದ ವಾರ ಕುಣಿಗಲ್‌ನ ಆಸ್ಪತ್ರೆಯಲ್ಲಿ ಒಬ್ಬ ಅಜ್ಜಿಗೆ ಪಕ್ಕದ ಬೆಡ್ಡಿನವರ ಇಂಜೆಕ್ಷನ್ ಕೊಟ್ಟು, ಚಾರ್ಟಿನಲ್ಲಿ ಸುಳ್ಳು ಬರೆದಿದ್ದೆ. ಅಜ್ಜಿ ಹೇಗೋ ಉಳಿದುಕೊಂಡರು. ನನಗೆ ಮಾತ್ರ ಆಮೇಲೆ ಪ್ರಾರ್ಥನೆ ಮಾಡಲು ಬಾಯಿ ಬರಲಿಲ್ಲ. ಬೆಳಿಗ್ಗೆ ಡಾಕ್ಟರಿಗೆ ಎಲ್ಲ ಹೇಳಿಬಿಟ್ಟೆ.

“ಯಾರ್ಗೂ ಗೊತ್ತೇ ಆಗ್ತಿರ್ಲಿಲ್ಲ, ಯಾಕಮ್ಮ ಹೇಳ್ದೆ?” ಅಂದರು.

ನೀವು ನೆನಪಾದಿರಿ. ಏಳನೇ ಕ್ಲಾಸಿನಲ್ಲಿ ಕಾಪಿ ಹೊಡೆದದ್ದಕ್ಕೆ ಕೈ ಹಿಡಿದು ಗುಬ್ಬಿಯ ಶಾಲೆಗೆ ಕರೆದೊಯ್ದು, ಮೇಷ್ಟ್ರ ಎದುರು ನನ್ನ ಬಾಯಲ್ಲೇ ಹೇಳಿಸಿದಿರಿ. “ದೇವ್ರು ತನ್ನ ಮಕ್ಕಳನ್ನೇ ಶಿಕ್ಷಿಸೋದು ಕಣಮ್ಮ, ಬೀದೀಲಿ ಹೋಗೋರ್ನಲ್ಲ,” ಅಂದಿರಿ. ಅವತ್ತಿಂದ ನಿಮ್ಮ ಹತ್ತಿರ ಸರಿಯಾಗಿ ಮಾತಾಡಲೇ ಇಲ್ಲ. ನಿಮ್ಮ ಕಾಯಿಲೆ ಬಿಗಡಾಯಿಸಿ ಅಕ್ಕ ಕರೆದಾಗಲೂ “ಡ್ಯೂಟಿ ಇದೆ” ಅಂದೆ. ನಿಮ್ಮನ್ನು ಮಣ್ಣು ಮಾಡುವಾಗಷ್ಟೇ ಬಂದೆ.

ಆ ದಿನ ಶಾಲೆಯಿಂದ ವಾಪಸ್ ಬರುವಾಗ ನೀವೂ ಅಳುತ್ತಿದ್ದಿರಿ. ನಾನು ನೋಡಿದ್ದೆ, ಅಪ್ಪಾಜಿ.