ಅರವತ್ತೈದರಲ್ಲಿ ಮೂವತ್ತೊಂಬತ್ತು

ಜುಲೈ 8, ಮಂಗಳವಾರ

ಮದ್ದೂರಿನಿಂದ ಭಾರತೀನಗರದವರೆಗೂ ಬಸ್ಸಲ್ಲಿ ನಿಂತೇ ಬಂದೆ. ಸ್ಕೂಲು ಮುಟ್ಟುವಷ್ಟರಲ್ಲಿ ಪ್ರೇಯರ್ ಮುಗಿದಿತ್ತು.

ಹತ್ತನೇ ಕ್ಲಾಸಿಗೆ ತಿದ್ದಿದ ಟೆಸ್ಟ್ ಪೇಪರ್ ಹಂಚಿದೆ. ಅದರಲ್ಲೊಂದು ಪ್ರಶ್ನೆ: ಭಾಗಾಕಾರ ಮಾಡದೆ ಹೇಳಿ — 39/65ರ ದಶಮಾಂಶ ಮುಗಿಯುತ್ತದೋ, ಮುಗಿಯದೆ ಸುತ್ತುತ್ತದೋ? ಛೇದದಲ್ಲಿ ಎರಡು, ಐದು ಬಿಟ್ಟು ಬೇರೇನಾದರೂ ಇದ್ದರೆ ಸುತ್ತುತ್ತದೆ. ಅರವತ್ತೈದು ಅಂದರೆ 5×13, ಅದರಲ್ಲಿ ಹದಿಮೂರು ಇದೆ. ಅಲ್ಲಿಗೆ ಆವರ್ತ. ಎಲ್ಲರೂ ಹಾಗೇ ಬರೆದಿದ್ದಾರೆ, ರುಮಾನಾ ಒಬ್ಬಳನ್ನು ಬಿಟ್ಟು.

ತಪ್ಪು ಹಾಕಿದ್ದು ನೋಡಿ ಎದ್ದು ನಿಂತಳು. "ಮಿಸ್, ಅದು ಮುಗೀತದೆ."

"ನಂಗೇ ಹೇಳ್ಕೊಡ್ತೀಯೇನೇ?"

ಇಂಪೊಸಿಷನ್ ಕೊಟ್ಟೆ. ನೂರು ಸಲ — '39/65 ಆವರ್ತ ದಶಮಾಂಶ'.

ಜುಲೈ 9

ಬರೆದು ತಂದಳು. ಎಣಿಸಿದೆ, ನೂರೂ ಇತ್ತು.

ಸಂಜೆ ಬಸ್ ಸ್ಟ್ಯಾಂಡಲ್ಲಿ ಅವಳಪ್ಪ ನಜೀರ್ ಅಹ್ಮದ್ ಸಿಕ್ಕರು. ಬೈಕ್ ಮೆಕ್ಯಾನಿಕ್. ಗ್ರೀಸು ಮೆತ್ತಿದ ಕೈಯಲ್ಲೇ ನಮಸ್ಕಾರ ಮಾಡಿದರು. "ಮಿಸ್ಸಿಗೇ ಎದುರುತ್ರ ಕೊಡೋಷ್ಟು ದೊಡ್ಡೋಳಾದ್ಯಾ ಅಂತ ಚೆನ್ನಾಗಿ ಬೈದಿವ್ನಿ ಮೇಡಂ. ಇನ್ಮೇಲೆ ಬಾಯ್ ಬುಡಾಕಿಲ್ಲ."

ಖುಷಿಯಾಯಿತು. ಹೌದು, ಆಯಿತು.

ಜುಲೈ 11, ಬೆಳಗ್ಗೆ 6

ಅಂಕಿ ಹೇಗೆ ಸುತ್ತುತ್ತದೆ ಅಂತ ಇವತ್ತಿನ ಪಾಠದಲ್ಲಿ ತೋರಿಸೋಣ ಅಂದುಕೊಂಡು ಭಾಗಿಸಿದೆ. 0.6. ಶೇಷ ಸೊನ್ನೆ. ಮತ್ತೆ ಭಾಗಿಸಿದೆ... ಸೊನ್ನೆ.

ಮೂವತ್ತೊಂಬತ್ತರಲ್ಲೂ ಹದಿಮೂರು ಇದೆ! ಮೇಲೆ ಕೆಳಗೆ ಹೊಡೆದು ಹಾಕಿದರೆ ಉಳಿಯೋದು 3/5. 'ಮೊದಲು ಸಂಕ್ಷೇಪಿಸಿ, ಆಮೇಲೆ ಛೇದ ನೋಡಿ' ಅಂತ ಹನ್ನೊಂದು ವರ್ಷದಿಂದ ಬಡಕೊಳ್ಳುತ್ತಿರುವವಳು ನಾನು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಆ ಮಗುವಿನ ಕೈಯಲ್ಲಿ ನೂರು ಸಲ ಸುಳ್ಳು ಬರೆಸಿದೆ. ನಾಚಿಕೆಯಾಗುತ್ತಿದೆ.

ಅದೇ ದಿನ, ಸಂಜೆ

ಹೆಡ್ಮಾಸ್ಟರ್ ಕೆಂಪಸಿದ್ದಯ್ಯನವರಿಗೆ ಹೇಳಿದೆ. "ಮಾರ್ಕು ತಿದ್ದಿ ಸುಮ್ಕಾಗ್ಬುಡಿ ಕಣಮ್ಮ. ಐಕ್ಳ ಮುಂದೆ ತಪ್ಪು ಅಂತ ಒಪ್ಕೊಂಡ್ರೆ ನಾಳೆ ಯಾವನೂ ಕ್ಯಾರೇ ಅನ್ನಾಕಿಲ್ಲ."

ರಿಜಿಸ್ಟರಿನಲ್ಲಿ ಅವಳ ಮಾರ್ಕು ತಿದ್ದಿದೆ. ಕ್ಲಾಸಲ್ಲಿ ಬಾಯಿ ಬಿಡಲಿಲ್ಲ. ಹೇಡಿ.

ಜುಲೈ 17

ಲೆಕ್ಕಕ್ಕೆ ಮೊದಲು ಕೈ ಎತ್ತುತ್ತಿದ್ದವಳು ರುಮಾನಾ. ವಾರದಿಂದ ಎತ್ತಿಲ್ಲ. ನನ್ನಿಂದ ತಡೆಯಲಾಗಲಿಲ್ಲ. ಇವತ್ತು 39/65 ಬೋರ್ಡ್ ಮೇಲೆ ಬರೆದು ಅವಳನ್ನೇ ಕರೆದೆ. ನನ್ನ ಮುಖ ನೋಡಿದಳು. ಚಾಕ್‌ಪೀಸ್ ತಗೊಂಡು ಬರೆದಳು — 'ಆವರ್ತ'.

"ಭಾಗಿಸಿ ನೋಡಮ್ಮ."

"ಬ್ಯಾಡ ಮಿಸ್. ನೀವು ಹೇಳಿದ್ದೇ ಸರಿ."

ಗೊತ್ತಿದೆ ಅವಳಿಗೆ. ಗೊತ್ತಿದ್ದೂ ಬರೆದಳು. ಕಲಿಸಿದವಳು ನಾನೇ.

ನಾನೇ ಭಾಗಿಸಿದೆ. "ತಪ್ಪು ನಂದು. ರುಮಾನಾ ಅವತ್ತು ಹೇಳಿದ್ದೇ ಸರಿ" ಅಂದೆ. ಹಿಂದಿನ ಬೆಂಚಿನ ಸ್ವರೂಪ್ ಕಿಸಕ್ಕನೆ ನಕ್ಕ. ನಗಲಿ. ಅವಳು ಮಾತ್ರ ನಗಲಿಲ್ಲ. ತಲೆ ತಗ್ಗಿಸಿಕೊಂಡು ಹೋಗಿ ಕೂತಳು.

ಹೊಸದೊಂದು ಹಾಕಿದೆ. 21/28. ಯಾರು ಹೇಳ್ತೀರಿ?

ಡೆಸ್ಕಿನ ಮೇಲಿದ್ದ ಅವಳ ಕೈ ಚೂರೇ ಚೂರು ಎದ್ದಿತು. ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು. ಇನ್ನೊಂದು ಕೈಯಿಂದ ಅದನ್ನು ಅದುಮಿ ಹಿಡಿದಳು.