ಮನಿಗಾಡಿಯ ಮುಂದಿನ ಗಾಲಿ

ರೀ,

ಭಕ್ರಿ ಡಬ್ಬ್ಯಾಗ ಅವ. ಝುಣಕಾ ಬಿಸಿ ಮಾಡ್ಕೋರಿ. ನಾ ಕಮರಿಪೇಟೆ ಗ್ಯಾರೇಜಿಗೆ ಹೊಂಟೇನಿ, ನಮ್ಮ ಹಳೇ ಮನಿಗಾಡಿ ಅಲ್ಲೇ ಅದ.

ನಿನ್ನೆ ಹೆಬ್ಬಳ್ಳಿ ಹತ್ರ ಎರಿ ಮಣ್ಣಿನ ಕೆಸರಿನ್ಯಾಗ ಹುಗದಿತ್ತು. ನಾಕೂ ಗಾಲಿ ತಿರಗಲಿ ಅಂತ ಗೇರ್ ಬಾಜೂಕಿನ ಸಣ್ಣ ಲಿವರ್ ಎಳದೆ. ಹಿಂದಿನವಷ್ಟ ತಿರಗಿದ್ವು. ಒಳಗಿನ ಹಾಸಿಗಿ, ಅಡಗಿ ಒಲಿ, ಪಾತ್ರಿ ಎಲ್ಲಾ ಉರುಳಿ ಬಿದ್ವು. ಕಡೀಕ ಯಾರದೋ ಟ್ರ್ಯಾಕ್ಟರ್ ಎಳೀತು.

ಗ್ಯಾರೇಜಿನ ನೀಲಕಂಠಪ್ಪ ಕೆಳಗ ಹೊಕ್ಕು ನೋಡಿ, "ಅಕ್ಕಾರ, ಮುಂದಿನ ಗಾಲಿ ತಿರುಗಿಸೋ ಶಾಫ್ಟೇ ಇಲ್ಲಲ್ರಿ. ಎರಡು ವರ್ಷದ ಹಿಂದ ನಿಮ್ಮ ಸಾಹೇಬ್ರು ಬಿಚ್ಚಿಸಿ ದೋಸ್ತನ ಜೀಪಿಗೆ ಹಾಕಸ್ಯಾರ. ನಿಮಗ ಹೇಳಿಲ್ಲೇನ್ರಿ?" ಅಂದ.

"ಗೊತ್ತದ" ಅಂದೆ. ಎಲ್ಲಾರ ಮುಂದ ಮತ್ತೇನ ಅನ್ಲಿ?

ಗಾಡಿ ಒಳಗಿನ ಕೆಲಸ ನನ್ನದು, ಕೆಳಗಿಂದು ನಿಮ್ಮದು ಅಂತ ಹಂಚ್ಕೊಂಡಿದ್ವಿ. ಅದಕ್ಕ ನಾ ಎಂದೂ ಬಗ್ಗಿ ನೋಡಲಿಲ್ಲ. ಇನ್ನ ಮ್ಯಾಲೆ ಕೆಳಗಿಂದೂ ನಾನ ನೋಡ್ತೇನಿ. ನಟ್ ಬಿಚ್ಚೋ ನಿಮ್ಮ ಪಾನಾ ಡಬ್ಬಿ ಒಯ್ದೇನಿ. ಗಾಡಿ ಚಾವಿ ಹುಡುಕಬ್ಯಾಡ್ರಿ, ಎರಡೂ ನನ್ನ ಹತ್ರ ಅವ.

ನಿಮ್ಮ ಆ ಜೀಪಿನ ದೋಸ್ತ ಶಿವಯೋಗೀಶಗ ಫೋನ್ ಮಾಡಿ, ಶಾಫ್ಟ್ ಬಿಚ್ಚಿಸಿ ಇವತ್ತ ಗ್ಯಾರೇಜಿಗೆ ತರಲಿಕ್ಕೆ ಹೇಳ್ರಿ. ಅವನೇ ತರ್ಲಿ. ನೀವು ಬರೂದು ಬ್ಯಾಡ.

ಬಿ.ಪಿ. ಗುಳಿಗಿ ತಪ್ಪಸಬ್ಯಾಡ್ರಿ.

ದೋಸ್ತಗ ಕೊಟ್ರಿ, ಇರ್ಲಿ. ಕೇಳಿದ್ರ ನಾನೂ ಹೂಂ ಅಂತಿದ್ದೆ. ಆದ್ರ ಎರಡು ವರ್ಷ, ಕೆಸರು ಬಂದಾಗೊಮ್ಮೆ ನಾ ಆ ಲಿವರ್ ಎಳೀತಿದ್ದೆ, ನೀವು ಬಾಜೂಕ ಕೂತು "ಮುಂದಿನ ಗಾಲಿ ಹಿಡೀತು ನೋಡು, ಮಂದಾ" ಅಂತಿದ್ರಿ. ಹೌದು, ಹಿಡೀತು ಅಂತ ನಾನೂ ಹಿಗ್ಗತಿದ್ದೆ.

ಮಂದಾಕಿನಿ