ಐದನೆಯ ಮನೆಗೆ ಫಲಕ ಬೇಡ

ತೀರ್ಥಹಳ್ಳಿ
ಮೇ ೨೪, ೨೦೨೫

ನಿರಂಜನ ಅವರಿಗೆ, ಯಶಸ್ವಿನಿಯ ನಮಸ್ಕಾರ.

ಇಷ್ಟು ಬರೆದು ಒಮ್ಮೆ ಓದಿಕೊಂಡೆ. ಬ್ಯಾಂಕಿನ ಮ್ಯಾನೇಜರಿಗೆ ಬರೆದ ಹಾಗಿದೆ. ‘ಪ್ರೀತಿಯ’ ಎಂದು ಶುರು ಮಾಡೋಣವೆಂದರೆ, ಎರಡು ವರ್ಷದಿಂದ ನಾವಿಬ್ಬರೂ ಮಾತಾಡಿರುವುದೆಲ್ಲ ಗ್ಯಾಸ್ ಕನೆಕ್ಷನ್ ಯಾರ ಹೆಸರಿನಲ್ಲಿದೆ, ರೇಷನ್ ಕಾರ್ಡಿಗೆ ಬೆರಳಚ್ಚು ಕೊಡಲು ಯಾವಾಗ ಬರುತ್ತೀರಿ ಎಂಬಂಥ ವಿಷಯ. ಕಾಲೇಜಿನಲ್ಲಿದ್ದಾಗ ‘ನೀನು’ ಎನ್ನುತ್ತಿದ್ದೆ, ಮದುವೆಯಾಗಿ ನಿಮ್ಮ ಮನೆಗೆ ಬಂದ ಮೇಲೆ ಅತ್ತೆಯ ಎದುರು ‘ನೀವು’ ಆಯಿತು, ಈಗ ಯಾವುದು ಸರಿಯೋ ತಿಳಿಯುತ್ತಿಲ್ಲ. ವಾಟ್ಸಾಪಿನಲ್ಲಿ ಬರೆಯಬಹುದಿತ್ತು. ನಾನು ಎಷ್ಟು ಉದ್ದ ಬರೆದರೂ ನೀವು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಕೈ ತೊಳೆದುಕೊಳ್ಳುತ್ತೀರಿ. ಕಾಗದಕ್ಕೆ ಹಾಗೆ ಮಾಡಲು ಬರುವುದಿಲ್ಲ.

ನೀವು ಹೇಳಿದ ಕೆಲಸ ಮಾಡಿದ್ದೇನೆ. ಸಾಗರದ ನಾರಾಯಣಮೂರ್ತಿಯವರು ಹೊಸನಗರದ ಗುಡ್ಡದ ಮೇಲೆ ಪ್ರವಾಸಿಗರಿಗೆಂದು ನಿಮ್ಮ ಕೈಯಲ್ಲಿ ಕಟ್ಟಿಸುತ್ತಿರುವ ಅಮೆರಿಕದ ಹಳೇ ಮಾದರಿಯ ನಾಲ್ಕು ಮನೆಗಳಿಗೆ, ಒಂದೊಂದರ ಮುಂದೆ ನಿಲ್ಲಿಸುವ ಫಲಕದ ಬರಹ ಕನ್ನಡದಲ್ಲಿ ಬೇಕು ಎಂದಿದ್ದಿರಿ. ಇತಿಹಾಸದ ಲೆಕ್ಚರರ್ ಎಂದು ಕೇಳಿದಿರೋ, ಹೆಂಡತಿ ಎಂದು ಕೇಳಿದಿರೋ ಗೊತ್ತಾಗಲಿಲ್ಲ. ಮೆಸೇಜಿನ ಕೊನೆಯಲ್ಲಿ ‘ಐದನೆಯದಕ್ಕೆ ಫಲಕ ಬೇಡ’ ಎಂದಿತ್ತು. ಐದನೆಯದು ಯಾವುದು ಎಂದು ಕೇಳಿದ್ದಕ್ಕೆ ಹೆಬ್ಬೆರಳು ಬಂತು.

ಮೊದಲನೆಯದು, ಹಿಂಬದಿಯ ಮಾಡು ನೆಲಕ್ಕೆ ಮುಟ್ಟುವಷ್ಟು ಇಳಿದಿರುವ ಮನೆ. ಇಂಗ್ಲೆಂಡಿನಿಂದ ಹೋದವರು ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ತಮ್ಮೂರಿನ ಹಾಗೇ ಕಡಿದಾದ ಮಾಡು ಎಬ್ಬಿಸಿ, ಮೊದಮೊದಲು ಹುಲ್ಲನ್ನೇ ಹೊದೆಸಿದರು. ಅಲ್ಲಿನ ಹಿಮಕ್ಕೂ ಗಾಳಿಗೂ ಹುಲ್ಲು ತಾಳಲಿಲ್ಲ. ಸುತ್ತ ಬೇಕಾದಷ್ಟು ಕಾಡಿತ್ತು, ಮರದ ಹಲಗೆ ಚೂರುಗಳನ್ನು ಹೊದೆಸಿದರು. ಕಿಟಕಿ ಚಿಕ್ಕದು, ಅಟ್ಟ ತಗ್ಗು, ಮನೆಯ ನಟ್ಟನಡುವೆ ದೊಡ್ಡ ಒಲೆಗೂಡು; ಎಲ್ಲ ಕೋಣೆಯೂ ಅದಕ್ಕೆ ಬೆನ್ನು ಕೊಟ್ಟು ಬೆಚ್ಚಗಿರುತ್ತಿತ್ತು. ಮನೆ ಸಾಲದಾದಾಗ ಹಿಂದೆ ಒಂದು ಕೋಣೆ ಸೇರಿಸಿ ಮಾಡನ್ನು ಉದ್ದಕ್ಕೆ ಇಳಿಸಿದರು, ನಮ್ಮಲ್ಲಿ ಕೊಟ್ಟಿಗೆ ಇಳಿಸುವ ಹಾಗೆ. ನೀವು ಆ ಒಲೆಗೂಡಿನಲ್ಲಿ ಟಿವಿ ಕೂರಿಸಿದ್ದೀರೆಂದು ಕೇಳಿದೆ. ಫಲಕದಲ್ಲಿ ಅದನ್ನು ಬರೆದಿಲ್ಲ.

ಎರಡನೆಯದು ಮಣ್ಣಿನದು. ನೈಋತ್ಯದ ಒಣ ಸೀಮೆಯಲ್ಲಿ ಮೂಲನಿವಾಸಿಗಳು ಮೊದಲಿಂದಲೂ ದಪ್ಪ ಮಣ್ಣಿನ ಗೋಡೆ, ಚಪ್ಪಟೆ ಮಾಡು ಹಾಕಿಕೊಂಡು ಬಾಳುತ್ತಿದ್ದರು. ಸ್ಪೇನಿನವರು ಬಂದು ಮಣ್ಣನ್ನು ಅಚ್ಚಿಗೆ ಹಾಕಿ ಒಣಗಿಸುವುದನ್ನು ಸೇರಿಸಿದರು. ಹಗಲಿನ ಬಿಸಿಲು ಆ ಗೋಡೆ ದಾಟುವಷ್ಟರಲ್ಲಿ ಹೊರಗೆ ಚಳಿ ಬಿದ್ದಿರುತ್ತದೆ. ಹೊಸನಗರದಲ್ಲಿ ಚಪ್ಪಟೆ ಮಾಡಿನ ಮಣ್ಣಿನ ಮನೆ ಎಂದು ಹೇಳಿದ್ದಕ್ಕೆ ನಮ್ಮ ಕಾಲೇಜಿನ ಶಾಂತಮ್ಮ ಮೇಡಂ, “ಜುಲೈಲಿ ಅದರ ಮೇಲೆ ನಾಟಿ ಮಾಡ್ಬಹುದು ಬಿಡ್ರೀ” ಎಂದರು. ಒಳಗೆ ಕಾಂಕ್ರೀಟು, ಹೊರಗೆ ಮಾತ್ರ ಮಣ್ಣಿನ ಬಣ್ಣ ಎಂದು ನಿಮ್ಮ ಮಾನ ಉಳಿಸಿದೆ.

ಮೂರನೆಯದು ದಕ್ಷಿಣದ ಜೌಗು ನೆಲದ್ದು. ಫ್ರಾನ್ಸಿನವರ, ಕೆರಿಬಿಯನ್ ದ್ವೀಪದವರ, ಆಫ್ರಿಕಾದಿಂದ ಗುಲಾಮರಾಗಿ ಬಂದವರ ಕೈ ಎಲ್ಲ ಸೇರಿ ಆದ ಮನೆ. ನೀರು ನುಗ್ಗದಿರಲೆಂದು ಕಂಬಗಳ ಮೇಲೆ ಎತ್ತಿದ್ದು, ಸೆಕೆಗೆಂದು ಅಗಲದ ಜಗಲಿ. ಆ ಜಗಲಿಯ ಮೇಲೆ ಯಾರು ಕೂರುತ್ತಿದ್ದರು, ಕೆಳಗೆ ಯಾರು ನಿಲ್ಲುತ್ತಿದ್ದರು ಎಂಬುದನ್ನೂ ಬರೆದಿದ್ದೇನೆ. ನಾರಾಯಣಮೂರ್ತಿಯವರು ಬೇಡವೆನ್ನಬಹುದು. ಆ ಸಾಲನ್ನು ಉಳಿಸಿಕೊಡಿ.

ನಾಲ್ಕನೆಯದು ಮರದ ದಿಮ್ಮಿಗಳ ಮನೆ, ಸ್ವೀಡನ್, ಜರ್ಮನಿ ಕಡೆಯವರು ತಂದ ವಿದ್ಯೆ. ದಿಮ್ಮಿ ಎಷ್ಟು ಉದ್ದವೋ ಕೋಣೆಯೂ ಅಷ್ಟೇ. ಇದನ್ನು ಓದುವಾಗ ಇದರದೇ ಜಾತಿಯ ಇನ್ನೊಂದು ಮನೆ ಕಣ್ಣಿಗೆ ಬಿತ್ತು, ಅದನ್ನು ಆಮೇಲೆ ಹೇಳುತ್ತೇನೆ.

ಒಟ್ಟಿನಲ್ಲಿ ಎಲ್ಲರದೂ ಒಂದೇ ಕಥೆ. ಹೋದವರು ತಮ್ಮೂರಿನ ಮನೆಯನ್ನು ತಲೆಯಲ್ಲಿಟ್ಟುಕೊಂಡು ಹೋದರು, ಅದನ್ನೇ ಕಟ್ಟಿದರು, ಆಮೇಲೆ ಅಲ್ಲಿನ ಹವೆ ಬಂದು ತಿದ್ದಿತು. ಇದನ್ನು ಓದುವಾಗ ನನಗೆ ನಮ್ಮ ಮನೆಯ ನೆನಪಾಯಿತು. ತಳಪಾಯಕ್ಕೇ ನಿಂತುಹೋದ ಮನೆಯ ನೆನಪು. ನನ್ನ ಕಾಲೇಜಿಗೂ ನಿಮ್ಮ ಸಾಗರದ ಆಫೀಸಿಗೂ ನಡುವೆ ಇರಲಿ ಎಂದು ಹೊಸನಗರದ ಹೊರಗೆ, ಹುಂಚದ ರಸ್ತೆಯಲ್ಲಿ ಸೈಟು ಕೊಂಡದ್ದು ನಾವೇ ಅಲ್ಲವೇ. ಜಗಲಿ ಎತ್ತರವಿದ್ದರೆ ಮನೆಗೊಂದು ಗತ್ತು ಎಂದು ನನ್ನ ಅಪ್ಪ ಮುಕುಂದಯ್ಯನವರು ಪಟ್ಟು ಹಿಡಿದರು. ಅತ್ತೆ ದುಗ್ಗಮ್ಮನವರು, “ಎತ್ರ ಮಾಡ್ಬೇಡ ಮಗಾ, ಬಂದೋರು ಹತ್ತಿ ಕೂರಂಗಿರ್ಲಿ” ಎಂದರು. ಅವರ ಮಾವ ಗೇಣಿ ಭತ್ತ ಹೊತ್ತುಕೊಂಡು ಹೋಗುತ್ತಿದ್ದ ದೊಡ್ಡ ಮನೆಗಳಲ್ಲಿ ಜಗಲಿ ಹತ್ತಲು ಬಿಡುತ್ತಿರಲಿಲ್ಲ ಎಂಬುದನ್ನು ಅವರು ಬಾಯಿ ಬಿಟ್ಟು ಹೇಳಲಿಲ್ಲ, ನಾನು ಅಪ್ಪನಿಗೆ ತಿಳಿಸಿ ಹೇಳಲಿಲ್ಲ. ಬಾಗಿಲು ಪೂರ್ವಕ್ಕಿರಬೇಕು ಎಂಬುದೊಂದೇ ಇಬ್ಬರೂ ಒಪ್ಪಿದ ಮಾತು. ನೀವು ನಕ್ಷೆ ತಿದ್ದಿದಿರಿ, ಮತ್ತೆ ತಿದ್ದಿದಿರಿ, ಒಂದು ದಿನ ತಿದ್ದುವುದನ್ನು ನಿಲ್ಲಿಸಿದಿರಿ.

ಮನೆ ಮುಗಿಯುವವರೆಗೆ ಎಂದು ನಾನು ತೀರ್ಥಹಳ್ಳಿಯಲ್ಲಿ ಬಾಡಿಗೆಗೆ ನಿಂತೆ, ನೀವು ಸಾಗರದಲ್ಲಿ. ನಾವು ಜಗಳವಾಡಲಿಲ್ಲ. ಪಾತ್ರೆ ಎಸೆಯಲಿಲ್ಲ. ಜನ ಕೇಳಿದರೆ ಏನು ಹೇಳಬೇಕೆಂದೇ ತಿಳಿಯದ ಹಾಗೆ ಬೇರೆಯಾಗಿಬಿಟ್ಟೆವು. ಬೇರೆಯಾದದ್ದು ಹೌದೋ ಅಲ್ಲವೋ ಎಂಬುದೂ ನನಗೆ ಗೊತ್ತಿಲ್ಲ, ಅದಕ್ಕೇ ಅಪ್ಪ ವಕೀಲರ ಮಾತು ಎತ್ತಿದಾಗಲೆಲ್ಲ ಪರೀಕ್ಷೆ ಇದೆ, ಮೌಲ್ಯಮಾಪನ ಇದೆ ಎಂದು ಜಾರಿಕೊಳ್ಳುತ್ತಿದ್ದೇನೆ. ಈ ಸಲ ರಜೆ. ನೆಪ ಮುಗಿದಿದೆ. ಜೂನ್ ಮೊದಲ ವಾರ ಏನಾದರೊಂದು ಹೇಳಬೇಕು.

ಫಲಕದ ವಿವರ ಸರಿಯಿದೆಯೇ ಎಂದು ಒಮ್ಮೆ ಕಣ್ಣಾರೆ ನೋಡಬೇಕು. ಸೋಮವಾರ ಹೊಸನಗರದ ಬಸ್ಸು ಹತ್ತುತ್ತೇನೆ. ಅದಕ್ಕೆ ಬೇರೆ ಅರ್ಥ ಕಟ್ಟಬೇಡಿ.

ಹೊಸನಗರ
ಮೇ ೨೮

ಕಾಗದ ಮುಂದುವರಿಸುತ್ತಿದ್ದೇನೆ. ಪೆನ್ನು ಬೇರೆ, ಕ್ಷಮಿಸಿ.

ಸೋಮವಾರ ಗುಡ್ಡಕ್ಕೆ ಹೋದೆ. ನೀವಿರಲಿಲ್ಲ. ಕೆಲಸದವರಿಗೆ ಅಡುಗೆ ಮಾಡುವ ಜಲಜಮ್ಮ ನಾಲ್ಕೂ ಮನೆ ತೋರಿಸಿದರು. ಐದನೆಯದು ಎಲ್ಲಿ ಎಂದೆ. “ಅದು ಇಲ್ಲಿಲ್ಲಮ್ಮ, ಹುಂಚದ ರಸ್ತೇಲಿ ಸ್ವಂತದ್ದು ಕಟ್ತಿದಾರಲ್ಲ, ನಿಮಗ್ ಗೊತ್ತಿಲ್ವಾ?” ಎಂದರು. ಗೊತ್ತು, ಸುಮ್ಮನೆ ಕೇಳಿದೆ ಎಂದು ಸುಳ್ಳು ಹೇಳಿದೆ. ಆಟೋದಲ್ಲಿ ಕೂತ ಮೇಲೆ ಕಿವಿ ಬಿಸಿಯಾಯಿತು. ನಮ್ಮ ಸೈಟಿನಲ್ಲಿ ಮನೆ ಏಳುತ್ತಿರುವುದು ಅಡುಗೆಯವರಿಗೆ ಗೊತ್ತಿದೆ, ನನಗೆ ಗೊತ್ತಿಲ್ಲ.

ನಮ್ಮ ಹಳೇ ತಳಪಾಯದ ಮೇಲೇ ಕಟ್ಟಿದ್ದೀರಿ. ಜಂಬಿಟ್ಟಿಗೆ ಕಲ್ಲಿನ ಎರಡು ಕೋಣೆ, ಆ ಕಡೆ ಒಂದು, ಈ ಕಡೆ ಒಂದು. ನಡುವೆ ಬಾಗಿಲೇ ಇಲ್ಲದ ಅಗಲವಾದ ಓಣಿ, ಮುಂದಿನಿಂದ ಹಿಂದಕ್ಕೆ ಬಯಲು. ಮೂರಕ್ಕೂ ಸೇರಿ ಒಂದೇ ಹಂಚಿನ ಮಾಡು. ನೋಡಿದ ಕೂಡಲೇ ಗುರುತು ಸಿಕ್ಕಿತು, ಆಮೇಲೆ ಹೇಳುತ್ತೇನೆ ಎಂದಿದ್ದೆನಲ್ಲ, ಅದೇ. ದಿಮ್ಮಿ ಉದ್ದ ಸಾಲದೆ ಒಂದರ ಪಕ್ಕ ಇನ್ನೊಂದು ಕೋಣೆ ಕಟ್ಟಿ, ನಡುವೆ ಗಾಳಿಗೆ ದಾರಿ ಬಿಟ್ಟು ಒಂದೇ ಮಾಡು ಹಾಕುತ್ತಿದ್ದರು ಅಮೆರಿಕದ ದಕ್ಷಿಣದ ರೈತರು. ನಾಯಿ ಆ ಕಡೆಯಿಂದ ಈ ಕಡೆ ಓಡುವ ಮನೆ ಎಂದು ಅದಕ್ಕೆ ಹೆಸರು. ನಮ್ಮ ಓಣಿಯಲ್ಲೂ ಒಂದು ನಾಯಿ ಮಲಗಿತ್ತು, ಓಡಲಿಲ್ಲ.

ಜಗಲಿ ನೋಡಿದೆ. ಒಂದೇ ಮೆಟ್ಟಿಲಿನಷ್ಟು ಎತ್ತರ. ಅಪ್ಪನಿಗೆ ತಗ್ಗು, ಅತ್ತೆಗೆ ಎತ್ತರ. ಇಬ್ಬರಿಗೂ ಬೇಸರ ಮಾಡುವ ಧೈರ್ಯ ನಿಮಗೆ ಯಾವಾಗ ಬಂತು? ನನಗೆ ತುಂಬ ಸಂತೋಷವಾಯಿತು.

ಆದರೆ ನಿರಂಜನ, ಎರಡು ಕೋಣೆ ಏಕೆ? ಅಲ್ಲೇ ಕಲ್ಲಿನ ರಾಶಿಯ ಮೇಲೆ ಕೂತು ಯೋಚಿಸಿದೆ. ಒಂದು ನಿಮಗೆ, ಒಂದು ನನಗೆ, ನಡುವೆ ಬಯಲು ಎಂದು ಲೆಕ್ಕವೇ? ಹಾಗಿದ್ದರೆ ವಕೀಲರ ಕೆಲಸವನ್ನು ನೀವು ಕಲ್ಲಿನಲ್ಲಿ ಮಾಡಿದ್ದೀರಿ. ಒಂದೇ ಮಾಡು ಎಂದೂ ಹೇಳಬಹುದು, ಬೇರೆ ಬೇರೆ ಬಾಗಿಲು ಎಂದೂ ಹೇಳಬಹುದು. ಅಲ್ಲಿಯವರು ಒಂದು ಕೋಣೆಯಲ್ಲಿ ಅಡುಗೆ, ಊಟ ಮಾಡುತ್ತಿದ್ದರು, ಇನ್ನೊಂದರಲ್ಲಿ ಮಲಗುತ್ತಿದ್ದರು. ಮನೆಮಂದಿಯೆಲ್ಲ ದಿನವಿಡೀ ಓಣಿ ದಾಟಿ ಓಡಾಡುತ್ತಿದ್ದರು. ಹಾಗಾದರೆ ಅದು ಒಂದೇ ಮನೆ. ಎರಡು ಕೋಣೆಯಲ್ಲೂ ಒಲೆ ಇದ್ದರೆ ಅದು ಎರಡು ಮನೆ. ನಿಮ್ಮದು ಯಾವುದೆಂದು ತಿಳಿಯಲು ಒಲೆಕಟ್ಟೆ ಹುಡುಕಿದೆ. ಆ ಕೋಣೆಯಲ್ಲೂ ಇಲ್ಲ, ಈ ಕೋಣೆಯಲ್ಲೂ ಇಲ್ಲ. ಇನ್ನೂ ಗೊಂದಲವಾಯಿತು.

ಅಷ್ಟರಲ್ಲಿ ಮೇಸ್ತ್ರಿ ರಾಮಚಂದ್ರಪ್ಪ ಬಂದರು. ನಾನು ಕೇಳುವ ಮೊದಲೇ ಅವರೇ ದೂರು ಹೇಳಿದರು: “ಒಲೆಕಟ್ಟೆ ಎಲ್ಲಿಗೆ ಅಂತ ಕೇಳಿ ಕೇಳಿ ಸಾಕಾಯ್ತಮ್ಮ. ಎರಡೂ ಕಡೆ ಹಾಕ್ಲಾ ಸಾರ್ ಅಂದ್ರೆ ಸಿಟ್ಟು ಮಾಡ್ತಾರೆ. ಒಂದ್ ಕಡೆ ಹೇಳಿ ಅಂದ್ರೆ, ನಾನೊಬ್ನೇ ಹೆಂಗ್ ಹೇಳ್ಲಿ ಅಂತಾರೆ. ಮಳೆ ಬರಕ್ಕೆ ಮುಂಚೆ ಗಾರೆ ಮುಗಿಸ್ಬೇಕಲ್ವಾ?”

ಈ ಮಾತನ್ನು ನೀವು ಮೇಸ್ತ್ರಿಗೆ ಹೇಳಿದಿರಿ. ನನಗೆ ಹೆಬ್ಬೆರಳು ಕಳಿಸಿದಿರಿ. ನನಗೆ ಅಳು ಬಂತು, ಸಿಟ್ಟೂ ಬಂತು, ಯಾವುದು ಮೊದಲು ಬಂತೋ ಹೇಳಲಾರೆ. ರಾಮಚಂದ್ರಪ್ಪ ಸಿಮೆಂಟಿನ ಧೂಳು ಎಂದುಕೊಂಡು ನೀರು ತಂದುಕೊಟ್ಟರು.

ಒಂದು ತಪ್ಪು ಮಾತ್ರ ಹೇಳಿಬಿಡುತ್ತೇನೆ. ಹಿರಿಯರ ಮಾತಿಗೆ ಮುಖ ಪೂರ್ವಕ್ಕಿಟ್ಟಿದ್ದೀರಿ. ಓಣಿ ನೇರ ಹಿಂದಕ್ಕೆ ಹೋಗುತ್ತದಲ್ಲ, ಅದರ ಹಿಂಬಾಯಿ ಪಶ್ಚಿಮಕ್ಕೆ ತೆರೆದುಕೊಂಡಿದೆ. ಅಮೆರಿಕದ ರೈತನಿಗೆ ಅಲ್ಲಿಂದ ತಂಪು ಗಾಳಿ ಬಂದೀತು, ಹೊಸನಗರದಲ್ಲಿ ಜೂನಿನಿಂದ ಅಲ್ಲಿಂದ ಬರುವುದು ಮಳೆಯ ಎರಚಲು. ಎರಡು ಕೋಣೆಯ ಬಾಗಿಲೂ ಓಣಿಗೇ ಇರುವುದರಿಂದ ನೀರು ಇಬ್ಬರ ಮನೆಗೂ ಸಮನಾಗಿ ನುಗ್ಗುತ್ತದೆ. ವರ್ಷಾ ವರ್ಷ ಮೇ ತಿಂಗಳಲ್ಲಿ ನಿಮ್ಮೂರ ಮನೆಯ ಪಡುಗೋಡೆಗೆ ಮಳೆ ತಡೆಯಲು ಅಡಿಕೆ ಸೋಗೆಯ ತಟ್ಟಿ ಕಟ್ಟಿದವರು ನೀವೇ, ನಿಮಗೆ ಹೊಳೆಯಲಿಲ್ಲವೇ? ನಮ್ಮ ಎರಡೂ ಮನೆಯವರು ಒಟ್ಟಾಗಿ ಒಪ್ಪಿದ ಒಂದೇ ಮಾತು ನಮ್ಮ ಮನೆಗೆ ನೀರು ತರುತ್ತಿದೆ. ಅಪ್ಪನಿಗೆ ಇದನ್ನು ಹೇಳಬೇಕೋ ಬೇಡವೋ ಅದೂ ತಿಳಿಯುತ್ತಿಲ್ಲ.

ನಿನ್ನೆ ಜಲಜಮ್ಮನನ್ನು ಕರೆದುಕೊಂಡು ಬಂದು ಸೋಗೆ ಹೆಣೆದು ಓಣಿಯ ಹಿಂಬಾಯಿಗೆ ತಟ್ಟಿ ಕಟ್ಟಿಸಿದೆ. ಕಟ್ಟಿದ ಮೇಲೆ ನೋಡಿದರೆ ಓಣಿ ಓಣಿಯಾಗಿ ಉಳಿಯಲಿಲ್ಲ. ಮೂರು ಕಡೆ ಮುಚ್ಚಿ, ಮುಂದೆ ಮಾತ್ರ ತೆರೆದು, ಇಬ್ಬರು ಕೂತು ಕಾಫಿ ಕುಡಿಯುವಂಥ ಜಗಲಿಯಾಯಿತು. ಇನ್ನು ಯಾರು ಹೊರಗೆ ಹೋಗಬೇಕಾದರೂ ಅಲ್ಲಿಂದಲೇ ಹಾಯ್ದು ಹೋಗಬೇಕು. ಇದು ಅಮೆರಿಕದ ಮಾದರಿಯಾಗಿ ಉಳಿಯಿತೋ ಇಲ್ಲವೋ ಇತಿಹಾಸದವಳಿಗೂ ಗೊತ್ತಿಲ್ಲ.

ನಾಲ್ಕು ಫಲಕದ ಬರಹ ಜೊತೆಗಿದೆ. ನಾನು ನಾಳೆ ತೀರ್ಥಹಳ್ಳಿಗೆ ಹೋಗಬೇಕೆಂದಿದ್ದೇನೆ. ನೀವು ಶುಕ್ರವಾರ ಬರುತ್ತೀರೆಂದು ಮೇಸ್ತ್ರಿ ಹೇಳಿದರು. ಅತ್ತೆಗೆ ನನ್ನ ನಮಸ್ಕಾರ ತಿಳಿಸಿ, ಮಂಡಿನೋವಿನ ಎಣ್ಣೆ ಮುಗಿದಿದ್ದರೆ ಹೇಳಿ.

ಇಂತಿ,
ಏನೆಂದು ಬರೆದುಕೊಳ್ಳಬೇಕೋ ತಿಳಿಯದ
ಯಶಸ್ವಿನಿ

ಮರೆತದ್ದು: ಈ ಕಾಗದವನ್ನು ಅಂಚೆಗೆ ಹಾಕಲಿಲ್ಲ. ಒಲೆಕಟ್ಟೆಯ ಮೇಲಿಟ್ಟಿದ್ದೇನೆ, ಗಾರೆ ಇನ್ನೂ ಹಸಿ ಇದೆ, ಹುಷಾರಾಗಿ ತೆಗೆದುಕೋ. ಎಡಗಡೆ ಕೋಣೆಯಲ್ಲಿ ಕಟ್ಟಿಸಿದೆ. ಒಂದೇ ಒಲೆಕಟ್ಟೆ ಸಾಕು ಎಂದು ರಾಮಚಂದ್ರಪ್ಪನವರಿಗೆ ನಾನೇ ಹೇಳಿದೆ. ನನ್ನ ಬ್ಯಾಗು ಬಲಗಡೆ ಕೋಣೆಯಲ್ಲಿದೆ, ನಾಳೆ ಬಸ್ಸಿಗೆ ಹೋಗಲು ಅದನ್ನು ಎತ್ತಿಕೊಳ್ಳುತ್ತೇನೆ ಎಂದು ಅನ್ನಿಸುತ್ತಿಲ್ಲ. ಹಾಲು ಉಕ್ಕಿಸಿಲ್ಲ. ಅದಕ್ಕೆ ನಾನೊಬ್ಬಳೇ ಸಾಲುವುದಿಲ್ಲ.